ಹಿತ್ತಲಿನ ಗಾಜಿನ ಮನೆ: ಒಂದು ಇತಿಹಾಸ ಮತ್ತು ಒಂದು ತಪ್ಪೊಪ್ಪಿಗೆ

ನನ್ನ ಬಳಿ ವಿಜ್ಞಾನ ಓದಿದವರಿಗೆ ಹತ್ತನೆಯ ತರಗತಿಯ ಒಂದು ಪಾಠ ನೆನಪಿರಬಹುದು. ಕಪ್ಪುಹಲಗೆಯ ಮೇಲೆ ಒಂದು ಗಾಜಿನ ಮನೆಯನ್ನು ಬರೆದು, ಸೂರ್ಯನಿಂದ ಒಳಕ್ಕೆ ಬರುವ ಬಾಣಗಳನ್ನು ಬಿಳಿಯ ಸೀಮೆಸುಣ್ಣದಲ್ಲೂ, ಒಳಗಿನ ನೆಲದಿಂದ ಮೇಲೆದ್ದು ಗಾಜಿಗೆ ಬಡಿದು ಹಿಂದಿರುಗುವ ಬಾಣಗಳನ್ನು ಕೆಂಪು ಸೀಮೆಸುಣ್ಣದಲ್ಲೂ ತೋರಿಸುತ್ತಿದ್ದೆ. “ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ, ಶಾಖದ ಕಿರಣ ಗಾಜನ್ನು ದಾಟಿ ಹೊರಗೆ ಹೋಗಲಾರದು. ಗಾಜಿನ ಮನೆ ಬೆಚ್ಚಗಿರುವುದು ಇದರಿಂದಲೇ” ಎಂದು ಬರೆಸುತ್ತಿದ್ದೆ. ಮೂರು ದಶಕಗಳ ಕಾಲ ಹೀಗೆಯೇ ಬರೆಸಿದ್ದೇನೆ. ಬೇರೆ ರೀತಿ ಬರೆದವರಿಗೆ ಅಂಕ ಕಳೆದಿದ್ದೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಬಾಗಿಲು ತೆಗೆದ್ರೆ ಒಳಗೆ ತಣ್ಣಗಾಗಲ್ವಾ ಸಾರ್? ಗಾಜು ಎಲ್ಲಾ ಕಡೆ ಹಾಗೇ ಇರುತ್ತಲ್ಲ?” ಎಂದು ಕೇಳಿದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು “ತರಲೆ ಮಾಡಬೇಡ, ಕೂತ್ಕೋ” ಎಂದೆ. ತರಗತಿ ನಕ್ಕಿತು. ಅವನು ಕುಳಿತ.

ಆ ಹುಡುಗ ಕೇಳಿದ್ದು ಸರಿಯಾಗಿತ್ತು. ಅದು ನನಗೆ ಅರಿವಾಗಲು ನಾನು ನಿವೃತ್ತನಾಗಬೇಕಾಯಿತು, ಇಂಗ್ಲೆಂಡಿಗೆ ಹೋಗಿ ಬರಬೇಕಾಯಿತು, ನನ್ನ ಮನೆಯಾಕೆಯ ಹನ್ನೊಂದು ಆಂಥೂರಿಯಂ ಗಿಡಗಳು ನನ್ನ ಕೈಯಿಂದಲೇ ಬೆಂದುಹೋಗಬೇಕಾಯಿತು. ಅದನ್ನು ಹೇಳುವ ಮುನ್ನ, ಗಾಜಿನ ಮನೆಯೆಂಬುದು ಅರಸರ ಅಂಗಳದಿಂದ ಸಾಮಾನ್ಯರ ಹಿತ್ತಲಿಗೆ ಬಂದ ದಾರಿಯನ್ನು ಹೇಳಬೇಕು. ವಿಜ್ಞಾನದ ಮೇಷ್ಟರಿಗೆ ಇತಿಹಾಸದ ಉಸಾಬರಿ ಏಕೆಂದು ಸಮಾಜ ಪಾಠ ಹೇಳುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಗಳು ನಗಬಹುದು, ನಗಲಿ.

2023ರ ಏಪ್ರಿಲ್ ತಿಂಗಳಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಲೀಡ್ಸ್ ನಗರಕ್ಕೆ ಹೋದೆವು. ಅದು ಉತ್ತರ ಇಂಗ್ಲೆಂಡಿನ ಊರು. ನಮ್ಮ ತುಮಕೂರಿನಲ್ಲಿ ಜನ ಬಿಸಿಲಿಗೆ ಹೆದರಿ ಕೊಡೆ ಹಿಡಿಯುವ ತಿಂಗಳಲ್ಲಿ ಅಲ್ಲಿ ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಮೇ ತಿಂಗಳ ನಡುವಿನವರೆಗೂ ಈ ಹೆಪ್ಪಿನ ಭಯ ತಪ್ಪದು. ಒಂದು ರಾತ್ರಿ ಸಾಕು, ಟೊಮೆಟೊ ಸಸಿಗಳು ಕರಕಾಗಿ ಒರಗಿಬಿಡುತ್ತವೆ. ಮಗಳಿಗೆ ಅಡುಗೆಮನೆಯ ಡಬ್ಬಿಯಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿಯ ಬೀಜವನ್ನು ಮೊಳೆಯಿಸಿ ಗಿಡ ಮಾಡಬೇಕೆಂಬ ಆಸೆ. ಅದಕ್ಕಾಗಿ ಅಳಿಯಂದಿರು ಆರು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಗಾಜಿನ ಮನೆಯ ಬಿಡಿಭಾಗಗಳನ್ನು ತರಿಸಿದ್ದರು. ಆ ದೇಶದ ಹಿತ್ತಲುಗಳಲ್ಲಿ ಬಹಳವಾಗಿ ಕಾಣುವ ಅಳತೆ ಇದೇ.

ಅದನ್ನು ನಿಲ್ಲಿಸಲು ನಮಗೆ ಎರಡು ದಿನ ಹಿಡಿಯಿತು. ಮೊದಲ ದಿನವೆಲ್ಲ ಬರೀ ತಳಪಾಯ. ರಸಮಟ್ಟ ಇಟ್ಟು ನೆಲವನ್ನು ಸಮ ಮಾಡಿದ್ದಾಯಿತು. ಮೂಲೆಗಳು ನೇರವಾಗಿವೆಯೇ ಎಂದು ನೋಡುವುದು ಹೇಗೆಂದು ಅಳಿಯಂದಿರು ತಡವರಿಸುತ್ತಿದ್ದಾಗ ನನ್ನೊಳಗಿನ ಮೇಷ್ಟರು ಎಚ್ಚೆತ್ತರು. ಆರು, ಎಂಟು, ಹತ್ತು! ಅಡ್ಡ ಬದಿಯ ಆರು, ಉದ್ದ ಬದಿಯ ಎಂಟು, ಇವೆರಡೂ ಲಂಬಕೋನದಲ್ಲಿ ಕೂಡಿದ್ದರೆ ಮೂಲೆಯಿಂದ ಮೂಲೆಗೆ ಹತ್ತು ಇರಲೇಬೇಕು. ದಾರ ಹಿಡಿದು ಅಳೆದರೆ ಮುಕ್ಕಾಲು ಅಂಗುಲ ಹೆಚ್ಚಿತ್ತು. ಸರಿಪಡಿಸಿದೆವು. ಪೈಥಾಗೊರಸನ ಪ್ರಮೇಯ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸಾರ್ ಎಂದು ಪ್ರತಿ ವರ್ಷ ಕೇಳುತ್ತಿದ್ದವರು ಇದನ್ನು ಗಮನಿಸಬೇಕು. ಚೌಕಟ್ಟು ಒಂದಿಷ್ಟು ಸೊಟ್ಟಗಿದ್ದರೂ ಗಾಜು ಕೂರುವುದಿಲ್ಲ. ಬಲವಂತ ಮಾಡಿದರೆ ಒಡೆಯುತ್ತದೆ.

ಎರಡನೆಯ ದಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಬಿಗಿದು, ಗಾಜುಗಳನ್ನು ಕೂರಿಸಿ, ತಂತಿಯ ಚಿಕ್ಕ ಚಿಕ್ಕ ಕ್ಲಿಪ್ಪುಗಳನ್ನು ಒತ್ತಿ ಕೂಡಿಸಿದೆವು. ಹೆಬ್ಬೆರಳು ಊದಿಕೊಂಡಿತು. ಕೊನೆಗೆ ಚಾವಣಿಯ ಕಿಟಕಿ. ಅದಕ್ಕೆ ಗೇಣುದ್ದದ ಒಂದು ಲೋಹದ ಕೊಳವೆಯನ್ನು ಜೋಡಿಸಬೇಕಿತ್ತು. ವಿದ್ಯುತ್ತಿಲ್ಲ, ಯಂತ್ರವಿಲ್ಲ, ಕೊಳವೆಯೊಳಗೆ ಮೇಣವಿದೆ ಅಷ್ಟೆ. ಬಿಸಿಯೇರಿದಾಗ ಮೇಣ ಹಿಗ್ಗಿ ಒಂದು ಸರಳನ್ನು ಹೊರಗೆ ತಳ್ಳುತ್ತದೆ, ಕಿಟಕಿ ತಾನಾಗಿ ಮೇಲೇಳುತ್ತದೆ. ತಂಪಾದಾಗ ಮೇಣ ಕುಗ್ಗಿ ಕಿಟಕಿ ಮುಚ್ಚಿಕೊಳ್ಳುತ್ತದೆ. ಈ ಚಳಿಯಲ್ಲಿ ಕಷ್ಟಪಟ್ಟು ಕೂಡಿಟ್ಟ ಶಾಖವನ್ನು ಹೊರಗೆ ಬಿಡುವುದಕ್ಕೂ ಒಂದು ಸಾಧನವೇ ಎಂದು ನಾನು ನಕ್ಕೆ. ಅಳಿಯಂದಿರು ನಗಲಿಲ್ಲ. “ಮಾವ, ಗಾಜು ಒಡೆದರೆ ಇನ್ನೊಂದು ತಂದು ಹಾಕಬಹುದು. ಇದು ಕೆಟ್ಟರೆ ಒಂದೇ ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತದೆ” ಎಂದರು. ಮಾತನ್ನು ಕೇಳಿಸಿಕೊಂಡೆ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಆ ಬೀದಿಯ ಹಿತ್ತಲುಗಳಲ್ಲಿ ಇಂಥವೇ ಏಳು ಮನೆಗಳನ್ನು ಎಣಿಸಿದೆ. ಅವುಗಳ ಒಡೆಯರಲ್ಲಿ ಒಬ್ಬರು ಬಸ್ ಚಾಲಕರು, ಇನ್ನೊಬ್ಬರು ನಿವೃತ್ತ ದಾದಿ. ಗಾಜಿನ ಮನೆ ಇಷ್ಟು ಜನರ ಕೈಗೆ ಎಟುಕಿದ್ದು ಯಾವಾಗ ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಹಿಡಿಯಿತು. ಮಗಳ ಊರಿನ ಗ್ರಂಥಾಲಯದಲ್ಲಿ ಓದಲು ನನಗೆ ಬೇಕಾದಷ್ಟು ಬಿಡುವಿತ್ತು.

ಮೂಲ ಬಹಳ ಹಿಂದಿನದು. ರೋಮಿನ ಚಕ್ರವರ್ತಿ ತಿಬೇರಿಯಸನಿಗೆ ವರ್ಷವಿಡೀ ಒಂದು ಬಗೆಯ ಸೌತೆ ಬೇಕಿತ್ತಂತೆ. ಅವನ ತೋಟಗಾರರು ಗಾಲಿಗಳ ಮೇಲೆ ಪಾತಿ ಮಾಡಿ, ಬಿಸಿಲಿಗೆ ಹೊರಗೆಳೆದು, ಚಳಿಗೆ ಪಾರದರ್ಶಕ ಕಲ್ಲಿನ ಹಾಳೆಗಳ ಮರೆಗೆ ಸರಿಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಆ ಕಾಯಿ ಇಂದಿನ ಸೌತೆಯಲ್ಲ, ಕರಬೂಜದ ಕುಲಕ್ಕೆ ಸೇರಿದ ಉದ್ದನೆಯ ಕಾಯಿ ಎಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಹದಿನೈದನೆಯ ಶತಮಾನದ ಕೊರಿಯಾದಲ್ಲಿ ನೆಲದಡಿ ಬೆಂಕಿಯ ಶಾಖ ಹರಿಸಿ, ಎಣ್ಣೆ ಸವರಿದ ಕಾಗದವನ್ನು ಕಿಟಕಿಗೆ ಹೊದಿಸಿ ಚಳಿಗಾಲದಲ್ಲಿ ತರಕಾರಿ ಬೆಳೆಯುವ ಕ್ರಮವನ್ನು ಒಂದು ಅಡುಗೆಯ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಯುರೋಪಿನ ಸಿರಿವಂತರು ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಪಾಡಲು ದೊಡ್ಡ ಕಿಟಕಿಗಳ ಮನೆಗಳನ್ನು ಕಟ್ಟಿಸಿದರು. ಇವೆಲ್ಲ ಉಳ್ಳವರ ಆಟ.

ಇಂಗ್ಲೆಂಡಿನಲ್ಲಿ ಸಾಮಾನ್ಯನ ದಾರಿಗೆ ಅಡ್ಡವಾಗಿದ್ದುದು ಚಳಿಯಲ್ಲ, ತೆರಿಗೆ. 1745ರಲ್ಲಿ ಅಲ್ಲಿನ ಪಾರ್ಲಿಮೆಂಟು ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಹಾಕಿತು. ಮನೆಗಿರುವ ಕಿಟಕಿಗಳನ್ನು ಎಣಿಸಿ ವಸೂಲು ಮಾಡುವ ಇನ್ನೊಂದು ತೆರಿಗೆ 1696ರಿಂದಲೇ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸುತ್ತಿದ್ದರು. ಹಾಗೆ ಮುಚ್ಚಿದ ಕಿಟಕಿಗಳ ಗುರುತು ಅಲ್ಲಿನ ಹಳೆಯ ಮನೆಗಳ ಗೋಡೆಗಳಲ್ಲಿ ಇಂದಿಗೂ ಕಾಣುತ್ತದೆ. ಬೆಳಕಿಗೂ ಕಂದಾಯ! ಗಾಜಿನ ಸುಂಕವನ್ನು ರಾಬರ್ಟ್ ಪೀಲ್‌ನ ಸರ್ಕಾರ 1845ರಲ್ಲಿ ತೆಗೆದುಹಾಕಿತು, ಕಿಟಕಿ ತೆರಿಗೆ 1851ರಲ್ಲಿ ಹೋಯಿತು. ಆರೇ ವರ್ಷಗಳ ಈ ಅಂತರದಲ್ಲಿ ಗಾಜಿನ ಚರಿತ್ರೆಯೇ ಹೊರಳಿತು.

ಅದಕ್ಕೂ ಸ್ವಲ್ಪ ಮೊದಲು, ಲಂಡನ್ನಿನ ಪೂರ್ವಭಾಗದ ಹೊಗೆ ಮುಸುಕಿದ ಬೀದಿಯೊಂದರಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಅವನಿಗೆ ಜರಿಗಿಡಗಳ ಹುಚ್ಚು. ಕಲ್ಲಿದ್ದಲ ಹೊಗೆಗೆ ಅವು ಒಂದೂ ಬದುಕುತ್ತಿರಲಿಲ್ಲ. 1829ರಲ್ಲಿ ಅವನು ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನೊಂದಿಗೆ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರಿಗಿಡವೂ ಒಂದಿಷ್ಟು ಹುಲ್ಲೂ ತಲೆಯೆತ್ತಿದವು. ಹಗಲು ಆವಿಯಾದ ನೀರು ರಾತ್ರಿ ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊಗೆ ಒಳಗೆ ಬರುತ್ತಿರಲಿಲ್ಲ. ಇದನ್ನೇ ದೊಡ್ಡದು ಮಾಡಿ ಅವನು ಮರದ ಚೌಕಟ್ಟಿನ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದ. 1833ರಲ್ಲಿ ಅಂಥ ಎರಡು ಪೆಟ್ಟಿಗೆಗಳು ಹಡಗಿನ ಮೇಲೆ ಸಿಡ್ನಿಗೆ ಹೊರಟವು. ತಿಂಗಳುಗಟ್ಟಲೆ ಪಯಣದ ನಂತರವೂ ಗಿಡಗಳು ಹಸಿರಾಗಿದ್ದವು. ಈ ಪೆಟ್ಟಿಗೆಯ ಪ್ರಭಾವ ಸಣ್ಣದಲ್ಲ. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇದರಲ್ಲಿ. 1860ರ ಸುಮಾರಿಗೆ ದಕ್ಷಿಣ ಅಮೆರಿಕದ ಸಿಂಕೋನಾ, ಅಂದರೆ ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನ ಮರ, ನಮ್ಮ ನೀಲಗಿರಿಗೆ ಬಂದದ್ದೂ ಇಂಥ ಪೆಟ್ಟಿಗೆಗಳ ನೆರವಿನಿಂದಲೇ. ಒಂದು ದೇಶದ ಸಂಪತ್ತು ಇನ್ನೊಂದು ದೇಶಕ್ಕೆ ಹೋಗಲು ಒಂದು ಗಾಜಿನ ಪೆಟ್ಟಿಗೆ ಸಾಕಾಯಿತು ಎಂಬುದನ್ನು ಯೋಚಿಸಿದರೆ, ಇದನ್ನು ಬರೀ ತೋಟಗಾರಿಕೆಯ ಕಥೆ ಎನ್ನಲು ಮನಸ್ಸಾಗದು.

ಇನ್ನೊಬ್ಬ ಜೋಸೆಫ್ ಪ್ಯಾಕ್ಸ್ಟನ್. ರೈತನ ಮಗ. 1826ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಡೆವನ್‌ಶೈರ್ ಡ್ಯೂಕನ ಚಾಟ್ಸ್‌ವರ್ತ್ ಬಂಗಲೆಗೆ ಮುಖ್ಯ ತೋಟಗಾರನಾಗಿ ಸೇರಿದ. ಅಲ್ಲಿ ಅವನು 1840ರ ಹೊತ್ತಿಗೆ ಕಟ್ಟಿ ಮುಗಿಸಿದ ದೊಡ್ಡ ಗಾಜಿನ ಮನೆ 277 ಅಡಿ ಉದ್ದವಿತ್ತು. ನೆಲದಡಿಯಲ್ಲಿ ಎಂಟು ಕುಲುಮೆಗಳು. ಅವುಗಳಿಗೆ ಕಲ್ಲಿದ್ದಲು ಸಾಗಿಸಲು ಸುರಂಗದಲ್ಲೊಂದು ಹಳಿ. 1849ರ ನವೆಂಬರಿನಲ್ಲಿ ಅವನು ಅಮೆಜಾನಿನ ಮಹಾ ತಾವರೆಯನ್ನು, ರಾಣಿ ವಿಕ್ಟೋರಿಯಾಳ ಹೆಸರಿನ ಆ ಗಿಡವನ್ನು, ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಅರಳಿಸಿದ. ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿ ತೋರಿಸಿದ, ಎಲೆ ಮುಳುಗಲಿಲ್ಲ. ಎಲೆಯಡಿಯ ನರಗಳ ಜೋಡಣೆ ಅವನ ಕಣ್ಣಿಗೆ ಕಟ್ಟಡದ ತೊಲೆಗಳಂತೆ ಕಂಡಿತು. 1851ರ ಮಹಾ ವಸ್ತುಪ್ರದರ್ಶನಕ್ಕೆ ಅವನು ಲಂಡನ್ನಿನಲ್ಲಿ ಕಟ್ಟಿಸಿದ ಸ್ಫಟಿಕ ಅರಮನೆಗೆ ಬಳಸಿದ್ದು ಹೆಚ್ಚುಕಡಿಮೆ ಮೂರು ಲಕ್ಷ ಗಾಜಿನ ಹಾಳೆಗಳನ್ನು. ಸುಂಕ ಉಳಿದಿದ್ದರೆ ಆ ಕಟ್ಟಡವನ್ನು ಯಾರೂ ಊಹಿಸುತ್ತಲೂ ಇರಲಿಲ್ಲ.

ಮಗಳು ನಮ್ಮನ್ನು ಚಾಟ್ಸ್‌ವರ್ತ್‌ಗೆ ಕರೆದೊಯ್ದಿದ್ದಳು. ಆ ದೊಡ್ಡ ಗಾಜಿನ ಮನೆ ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಕುಲುಮೆಗಳು ಆರಿದವು, ಒಳಗಿನ ಗಿಡಗಳೆಲ್ಲ ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಿದರು. ಅದಿದ್ದ ಜಾಗದಲ್ಲಿ ಈಗ ಗಿಡಗಳ ಬೇಲಿಯಿಂದ ಮಾಡಿದ ಒಂದು ಚಕ್ರವ್ಯೂಹವಿದೆ. ಮಕ್ಕಳು ಅದರೊಳಗೆ ದಾರಿ ತಪ್ಪಿ ಕೂಗುತ್ತಿದ್ದರು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಪ್ಯಾಕ್ಸ್ಟನ್ನನ ಇನ್ನೊಂದು ಕೆಲಸ. ಅರಮನೆಯಷ್ಟು ಗಾಜು ನಿಲ್ಲಿಸಿದ ಮನುಷ್ಯ 1858ರಲ್ಲಿ ಒಂದು ಹಿತ್ತಲಿಗಾಗುವಷ್ಟು ಗಾಜಿನ ಮನೆಗೆ ಹಕ್ಕುಪತ್ರ ಪಡೆದ. ಮೊದಲೇ ಮಾಡಿಟ್ಟ ಮರದ ಚೌಕಟ್ಟುಗಳು. ಬಿಚ್ಚಿ ಒಯ್ದು ಬೇರೆಡೆ ಜೋಡಿಸಬಹುದು. ಬಾಡಿಗೆ ಮನೆಯವನೂ ಕೊಳ್ಳಬಹುದು ಎಂಬ ಎಣಿಕೆ. ‘ಲಕ್ಷಾಂತರ ಜನರ ಬಿಸಿಮನೆ’ ಎಂಬ ಅರ್ಥದ ಹೆಸರಿಟ್ಟು ಮಾರಿಸಿದ. ನಾವು ಲೀಡ್ಸಿನಲ್ಲಿ ಪೆಟ್ಟಿಗೆಯಿಂದ ತೆಗೆದು ಜೋಡಿಸಿದ್ದು ಅದರ ಮರಿಮೊಮ್ಮಗ. ಗಮನಿಸಬೇಕಾದದ್ದೆಂದರೆ, ಅವನು ಗಾಳಿಯಾಡಲು ಚೌಕಟ್ಟುಗಳ ನಡುವೆ ತೆರೆದು ಮುಚ್ಚುವ ಹಲಗೆಗಳನ್ನು ಮರೆಯದೆ ಇಟ್ಟಿದ್ದ. ಸ್ಫಟಿಕ ಅರಮನೆಯಲ್ಲೂ ಗೋಡೆಗಳಿಗೆ ಗಾಳಿಕಂಡಿಗಳಿದ್ದವು, ಚಾವಣಿಯ ಮೇಲೆ ಬಟ್ಟೆ ಹೊದಿಸಿದ್ದರು. ಲಂಡನ್ನಿನ ಬಿಸಿಲಿಗೇ ಅಷ್ಟು ಏರ್ಪಾಡು! ಇದನ್ನೆಲ್ಲ ನಾನು ಓದಿದೆ, ಟಿಪ್ಪಣಿಯನ್ನೂ ಮಾಡಿಕೊಂಡೆ.

ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಕಡಿಮೆ. ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅದರ ಮುಂದೆ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದೆ. ಸ್ಫಟಿಕ ಅರಮನೆಯ ಮಾದರಿಯಿಂದ ಸ್ಫೂರ್ತಿ ಪಡೆದ ಆ ಕಟ್ಟಡಕ್ಕೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಆಗ ತೋಟದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರಾನ್. ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ವಿಚಿತ್ರವೆಂದರೆ ಮೂಲ ಸ್ಫಟಿಕ ಅರಮನೆ ಸುಟ್ಟುಹೋದದ್ದೂ ನವೆಂಬರ್ 30ರಂದೇ, 1936ರಲ್ಲಿ. ಅದಿರಲಿ. ಅಷ್ಟು ಸಲ ಅದರ ಮುಂದೆ ನಿಂತಿದ್ದರೂ ನಾನು ಗಮನಿಸದ ಒಂದು ಸಂಗತಿ ಇತ್ತು: ಅದು ಬದಿಗಳಲ್ಲಿ ತೆರೆದಿರುವ ಮಂಟಪ. ಅದರೊಳಗೆ ಗಾಳಿ ಓಡಾಡುತ್ತದೆ. ಬೆಂಗಳೂರಿನಲ್ಲಿ ಶಾಖ ಕೂಡಿಡುವ ಪೆಟ್ಟಿಗೆ ಯಾರಿಗೂ ಬೇಕಿರಲಿಲ್ಲ.

ಊರಿಗೆ ಮರಳಿದ ಮೇಲೆ 2024ರ ಫೆಬ್ರವರಿಯಲ್ಲಿ ನಮ್ಮ ಹಿತ್ತಲಿನಲ್ಲೂ ಒಂದು ಕಟ್ಟಿಸಿದೆ. ನನ್ನ ಉದ್ದೇಶ ಶಾಖವಲ್ಲ, ತೇವ. ನನ್ನ ಮನೆಯಾಕೆಯ ತವರು ತೀರ್ಥಹಳ್ಳಿಯ ಕಡೆ. ಅಲ್ಲಿಂದ ಅವಳ ತಾಯಿ ಕೊಟ್ಟಿದ್ದ ಒಂದು ಆಂಥೂರಿಯಂ ಗಿಡವನ್ನು ಮರಿ ಮಾಡುತ್ತ ಮಾಡುತ್ತ ಹನ್ನೊಂದು ಕುಂಡಗಳಿಗೆ ತಂದಿದ್ದಳು. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ತುಮಕೂರಿನ ಒಣ ಹವೆಗೆ ಬೇಸಿಗೆಯಲ್ಲಿ ಆ ಎಲೆಗಳ ಅಂಚು ಒಣಗುತ್ತಿತ್ತು. ವಾರ್ಡ್ ವೈದ್ಯನ ಬಾಟಲಿ ನನ್ನ ತಲೆಯಲ್ಲಿ ಕೂತಿತ್ತಲ್ಲ! ಗಾಜು ದುಬಾರಿ, ಪ್ಲಾಸ್ಟಿಕ್ ಹಾಳೆ ಸಾಕೆಂದುಕೊಂಡೆ. ಅದಕ್ಕೂ ಒಂದು ಪೂರ್ವಚರಿತ್ರೆಯಿದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮ್ಮರ್ಟ್ ಎಂಬಾತ ಗಾಜಿಗೆ ಹಣ ಸಾಲದೆ 1948ರಲ್ಲಿ ಸೆಲೋಫೇನ್ ಹೊದಿಸಿ ಕಟ್ಟಿದ ಮನೆಯಿಂದಲೇ ಇಂದಿನ ಪಾಲಿಹೌಸುಗಳ ಕಥೆ ಆರಂಭವಾಗುತ್ತದೆ. ನಾನು ಜಿ.ಐ. ಪೈಪಿನ ಚೌಕಟ್ಟು ಮಾಡಿಸಿ, 200 ಮೈಕ್ರಾನ್ ಹಾಳೆ ಹೊದಿಸಿ, ಬಾಗಿಲಿನ ಸಂದಿಗೂ ರಬ್ಬರ್ ಪಟ್ಟಿ ಅಂಟಿಸಿದೆ. ವೆಲ್ಡಿಂಗ್ ಅಂಗಡಿಯವನು, “ಸಾರ್, ಮೇಲೊಂದು ಕಿಟಕಿ ಬೇಡ್ವಾ?” ಎಂದು ಕೇಳಿದ. “ಬೇಡಪ್ಪ, ತೇವವೆಲ್ಲ ಹೋಗಿಬಿಡುತ್ತೆ” ಎಂದೆ.

ಒಂದೂವರೆ ತಿಂಗಳು ಗಿಡಗಳು ಚೆನ್ನಾಗಿಯೇ ಇದ್ದವು. ಬಿಸಿಲೇರಿದಾಗ ಬಾಗಿಲು ತೆರೆದಿಡುತ್ತಿದ್ದೆವು. ಅದನ್ನು ಯಾವ ಯೋಚನೆಯೂ ಇಲ್ಲದೆ ಮಾಡುತ್ತಿದ್ದೆವು. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ನೆಂಟರ ಮದುವೆ. ಎರಡು ದಿನ ಮನೆ ಬೀಗ. ಹೊರಡುವಾಗ ದನ ನುಗ್ಗೀತೆಂದು ಆ ಬಾಗಿಲನ್ನು ಬಿಗಿಯಾಗಿ ಮುಚ್ಚಿದವನು ನಾನೇ. ಹಿಂದಿರುಗಿ ನೋಡಿದರೆ ಒಳಗೆಲ್ಲ ಬೆಂದ ಸೊಪ್ಪಿನ ವಾಸನೆ. ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಕುಂಡದ ಅಂಚಿನ ಮೇಲೆ ಜೋತುಬಿದ್ದಿದ್ದವು. ಗರಿಷ್ಠ ತಾಪವನ್ನು ನೆನಪಿಡುವ ಉಷ್ಣಮಾಪಕವೊಂದನ್ನು ಒಳಗೆ ತೂಗಿಹಾಕಿದ್ದೆ. ಅದು 58 ಡಿಗ್ರಿ ತೋರಿಸುತ್ತಿತ್ತು. ಹೊರಗೆ 37ನ್ನು ದಾಟಿರಲಿಲ್ಲ.

ಅವಳು ಬೈಯಲಿಲ್ಲ. ಒಂದೊಂದೇ ಕುಂಡವನ್ನು ಎತ್ತಿ ಹೊರಗಿಟ್ಟಳು. ಆಮೇಲೆ, “ಯಾರಾದರೂ ಬಂದು ಬಾಗಿಲು ತೆಗೆದಿದ್ದರೆ ಉಳೀತಿದ್ವು, ಅಲ್ವೇನ್ರೀ?” ಎಂದಳು.

ಅದು ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯೇ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಾಖದ ಕಿರಣವನ್ನು ಗಾಜು ತಡೆಯುವುದೇ ಬಿಸಿಗೆ ಕಾರಣವಾದರೆ, ಇಡೀ ಚಾವಣಿ ಮುಚ್ಚಿರುವಾಗ ಒಂದು ಬಾಗಿಲು ತೆರೆದ ಮಾತ್ರಕ್ಕೆ ಮನೆ ಏಕೆ ತಣ್ಣಗಾಗಬೇಕು? ಹುಡುಕುತ್ತ ಹೋದಾಗ ಸಿಕ್ಕಿದ್ದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಮಾಡಿದ ಒಂದು ಪ್ರಯೋಗ. ಕಪ್ಪು ರಟ್ಟಿನ ಎರಡು ಪೆಟ್ಟಿಗೆಗಳು. ಒಂದಕ್ಕೆ ಗಾಜಿನ ಮುಚ್ಚಳ. ಇನ್ನೊಂದಕ್ಕೆ ಶಾಖದ ಕಿರಣವನ್ನು ತಡೆಯದೆ ಬಿಡುವ ಕಲ್ಲುಪ್ಪಿನ ಹಾಳೆಯ ಮುಚ್ಚಳ. ನನ್ನ ಪಾಠ ಸರಿಯಾಗಿದ್ದರೆ ಕಲ್ಲುಪ್ಪಿನ ಪೆಟ್ಟಿಗೆ ತಣ್ಣಗಿರಬೇಕಿತ್ತು. ಬಿಸಿಲು ಎರಡಕ್ಕೂ ಸಮನಾಗಿ ಸೋಸಿ ಬೀಳುವಂತೆ ಮಾಡಿದಾಗ ಎರಡೂ 55 ಡಿಗ್ರಿಯ ಆಸುಪಾಸಿಗೆ ಏರಿದವು. ಅಂತರ ಒಂದು ಡಿಗ್ರಿಯಷ್ಟೂ ಇರಲಿಲ್ಲ. ಅಂದರೆ ಗಾಜಿನ ಮನೆ ಬಿಸಿಯಾಗುವುದಕ್ಕೆ ಮುಖ್ಯ ಕಾರಣ, ನೆಲದಿಂದ ಬಿಸಿಯಾದ ಗಾಳಿ ಮೇಲೆದ್ದು ಹೋಗಿ ತಂಪು ಗಾಳಿ ಅದರ ಜಾಗಕ್ಕೆ ಬರುವುದನ್ನು ಮುಚ್ಚಳ ತಡೆಯುವುದು. ಕಿರಣ ತಡೆಯುವುದರ ಪಾಲು ಸಣ್ಣದು. ನಾನು ಬಿ.ಇಡ್. ಓದುವ ಹೊತ್ತಿಗೆ ಆ ಪ್ರಯೋಗಕ್ಕೆ ಏಳು ದಶಕ ದಾಟಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದರಿಂದ ಯಾರೂ ಭೂಮಿಯ ತಾಪ ಏರುತ್ತಿರುವುದು ಸುಳ್ಳೆಂದು ತೀರ್ಮಾನಿಸಬಾರದು. ನೀರಾವಿ, ಇಂಗಾಲದ ಡೈ ಆಕ್ಸೈಡ್ ಮೊದಲಾದ ಅನಿಲಗಳು ಶಾಖದ ಕಿರಣಗಳನ್ನು ಹೀರುತ್ತವೆಂಬುದನ್ನು ಟಿಂಡಾಲ್ 1859ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾನೆ; ಅದು ಗಟ್ಟಿಯಾದ ವಿಜ್ಞಾನ. ವಾತಾವರಣದ ಆ ಕ್ರಿಯೆಗೆ ಗಾಜಿನ ಮನೆಯ ಹೆಸರನ್ನು ಎರವಲು ತಂದರು. ಹೆಸರು ಉಳಿಯಿತು, ನಮ್ಮಂಥ ಮೇಷ್ಟರುಗಳು ಆ ಹೆಸರನ್ನೇ ವಿವರಣೆಯೆಂದು ತಿಳಿದು, ಆಕಾಶದ ಬಾಣಗಳನ್ನು ತಂದು ಗಾಜಿನ ಮನೆಯ ಚಿತ್ರಕ್ಕೆ ಅಂಟಿಸಿದೆವು.

ಈಗ ನಮ್ಮ ಹಿತ್ತಲಿನ ಚೌಕಟ್ಟು ಹಾಗೆಯೇ ಇದೆ, ಮನೆ ಮಾತ್ರ ಬೇರೆ. ಬದಿಯ ಹಾಳೆಗಳನ್ನು ಬಿಚ್ಚಿ ಕೀಟ ನುಗ್ಗದಂಥ ಸಣ್ಣ ಕಣ್ಣಿನ ಬಲೆ ಹಾಕಿಸಿದೆ. ಮೇಲೆ ಅರ್ಧ ಬಿಸಿಲನ್ನು ತಡೆಯುವ ಹಸಿರು ನೆರಳುಬಲೆ. ಚಾವಣಿಯ ನೆತ್ತಿಯಲ್ಲಿ ಉದ್ದಕ್ಕೂ ಒಂದು ಅಡಿ ತೆರಪು. ಪ್ಲಾಸ್ಟಿಕ್ ಹಾಳೆ ಜಡಿಮಳೆಯ ತಿಂಗಳುಗಳಲ್ಲಿ ಮಾತ್ರ. ಕೋಲಾರ, ದೊಡ್ಡಬಳ್ಳಾಪುರದ ಕಡೆ ದೊಣ್ಣೆಮೆಣಸಿನಕಾಯಿ, ಗುಲಾಬಿ ಬೆಳೆಯುವ ರೈತರ ಪಾಲಿಹೌಸುಗಳ ನೆತ್ತಿಯಲ್ಲಿ ಇಂಥ ತೆರಪು ಇರುವುದನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೆ. ಸಸಿಗಳು ಈಗ ಚೆನ್ನಾಗಿ ಏಳುತ್ತವೆ. ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ನೆರೆಹೊರೆಯವರೂ ಒಯ್ಯುತ್ತಾರೆ. ಇದನ್ನು ನೋಡಿ ನನ್ನಾಕೆ, “ನಮ್ಮಪ್ಪ ಅಡಿಕೆ ಸಸಿಗೆ ಸೋಗೆ ಚಪ್ಪರ ಹಾಕ್ತಿದ್ರಲ್ಲ, ಅದೇ ಇದು. ಇದಕ್ಕೆ ಲೀಡ್ಸಿಗೆ ಹೋಗಿ ಬರಬೇಕಿತ್ತೇ?” ಎಂದಳು. ಉತ್ತರ ಹೊಳೆಯಲಿಲ್ಲ.

ಆ ಹುಡುಗನ ಮುಖ ನೆನಪಿದೆ, ಹೆಸರು ನೆನಪಾಗುತ್ತಿಲ್ಲ. ಇದನ್ನು ಓದಿದರೆ ಅವನು ನನಗೊಂದು ಮಾತು ಬರೆಯಲಿ. ಆ ಪ್ರಶ್ನೆಗೆ ಎರಡು ಅಂಕ, ಬಾಕಿ ಇದೆ.

ಕಳೆದ ತಿಂಗಳು ತೀರ್ಥಹಳ್ಳಿಯಿಂದ ಅವಳ ಅಣ್ಣ ಒಂದು ಆಂಥೂರಿಯಂ ಮರಿಯನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಕಳುಹಿಸಿದರು. ತಾಯಿಯ ಗಿಡದ್ದೇ ಸಂತತಿಯಂತೆ. ನನ್ನ ನೆರಳುಮನೆಯಲ್ಲಿ ಅದಕ್ಕೊಂದು ಜಾಗ ಮಾಡಿಟ್ಟೆ. ಅವಳು ಅದನ್ನು ಮುಂಬಾಗಿಲ ಜಗುಲಿಯಲ್ಲಿ, ತಾನು ಕೂರುವ ಕುರ್ಚಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ. “ಇನ್ನೊಂದು ಬೇಸಿಗೆ ಕಳೀಲಿ, ನೋಡೋಣ” ಎನ್ನುತ್ತಾಳೆ.